ಮುಫ್ಲಿಸನ ನಾಣ್ಯ

ಹಂಪಿಯ ಬಜಾರು ಇನ್ನೂ ಬಜಾರಾಗಿಯೇ ಇದ್ದ ಕಾಲ. ಸಾಲು ಮಂಟಪಗಳಲ್ಲಿ ಚಹಾದ ಅಂಗಡಿ, ಬಟ್ಟೆ ಅಂಗಡಿ, ಬಾಡಿಗೆ ಸೈಕಲ್ಲಿನ ಅಂಗಡಿಗಳಿದ್ದವು. 2011ರಲ್ಲಿ ಅವನ್ನೆಲ್ಲ ತೆರವು ಮಾಡಿದರು. ಅದಕ್ಕೆ ಕೆಲವು ವರ್ಷ ಮುಂಚೆ ಒಂದು ಮಧ್ಯಾಹ್ನ ನಾವು ಚಹಾ ಕುಡಿಯುತ್ತ ಕೂತಿದ್ದಾಗ ಹುಡುಗನೊಬ್ಬ ಪಕ್ಕಕ್ಕೆ ಬಂದು, ಅತ್ತಿತ್ತ ನೋಡಿ, ಜೇಬಿನಿಂದ ಕಾಗದದ ಪೊಟ್ಟಣ ತೆಗೆದ. ಒಳಗೆ ಹಸಿರು ಕಿಲುಬು ಹಿಡಿದ ನಾಣ್ಯ. ಗಡ್ಡವಿಲ್ಲದ ಗಂಡಸಿನ ಮುಖ, ತಲೆಗೆ ಮಣಿಯ ಪಟ್ಟಿ, ಸುತ್ತಲೂ ಇಂಗ್ಲಿಷಿನಂತೆ ಕಾಣುವ ಅಕ್ಷರ.

"ಸರ್, ರೋಮನ್ ಕಾಯಿನ್. ಸಂಡೂರು ಗುಡ್ಡದಾಗ ಸಿಕ್ಕೈತಿ. ಎರಡು ಸಾವಿರ ಕೊಡ್ರಿ."

"ಗುಡ್ಡದಾಗ ಎಲ್ಲಿ?"

"ಮೈನಿಂಗ್ ಕಡಿಗೆ."

"ಯಾರಿಗೆ ಸಿಕ್ತು?"

"ನಮ್ಮ ಮಾವಗ್ರಿ."

ಮಾವ ಎಲ್ಲಿದ್ದಾನೆ ಎಂದರೆ ಗೋವಾದಲ್ಲಿದ್ದ. ನಾವು ಕೊಳ್ಳಲಿಲ್ಲ. ಕೊಳ್ಳುವಷ್ಟು ದುಡ್ಡೂ ಇರಲಿಲ್ಲ ಎನ್ನುವುದನ್ನು ಮುಚ್ಚಿಡಬೇಕಾಗಿಲ್ಲ. ವಾರದ ಮೇಲೆ ತಳವಾರಘಟ್ಟದಲ್ಲಿ ಹರಿಗೋಲಿಗೆ ಕಾಯುತ್ತಿದ್ದಾಗ ಬೇರೊಬ್ಬ ಹುಡುಗ ಬೇರೊಂದು ನಾಣ್ಯ ತೋರಿಸಿದ. ಅದೇ ಮುಖ, ಕೆನ್ನೆಯ ಅದೇ ಜಾಗದಲ್ಲಿ ಅದೇ ಕುಳಿ. ಈ ಸಲ ಅದು ಕಂಪ್ಲಿಯ ಹೊಲದಲ್ಲಿ ಸಿಕ್ಕಿತ್ತು.

ರೋಮನರು ನಾಣ್ಯ ಮಾಡುತ್ತಿದ್ದುದು ಎರಡು ಅಚ್ಚುಗಳ ನಡುವೆ ಲೋಹದ ಬಿಲ್ಲೆಯಿಟ್ಟು ಸುತ್ತಿಗೆಯಿಂದ ಹೊಡೆದು. ಪ್ರತಿ ಏಟೂ ಬೇರೆ. ಆದ್ದರಿಂದ ಒಂದೇ ಅಚ್ಚಿನ ಎರಡು ನಾಣ್ಯಗಳೂ ಪೂರ್ತಿ ಒಂದೇ ರೀತಿ ಇರುವುದಿಲ್ಲ. ಎರಡರ ಕೆನ್ನೆಯ ಮೇಲೂ ಒಂದೇ ಕುಳಿ ಇದ್ದರೆ ಅವು ಒಂದು ನಾಣ್ಯದ ಮೇಲೆ ಮಣ್ಣೊತ್ತಿ ಎರಕ ಹೊಯ್ದ ನಕಲುಗಳು. ಅಂಚನ್ನು ಬೆರಳಿನಿಂದ ಸವರಿದರೆ ಎರಕದ ಗೆರೆ ಸಿಗುತ್ತದೆ, ಭೂತಗನ್ನಡಿಯಲ್ಲಿ ನೋಡಿದರೆ ಗಾಳಿಗುಳ್ಳೆಯ ಸಣ್ಣ ತೂತುಗಳು ಕಾಣುತ್ತವೆ. ಆದರೆ ನಮ್ಮನ್ನು ಆ ದಿನದಿಂದ ಕಾಡಿದ್ದು ನಕಲಿಯ ಸಂಗತಿಯಲ್ಲ. ಹುಡುಗ ಹೇಳಿದ್ದು ನಿಜವಾಗಿರಲು ಸಾಧ್ಯವಿತ್ತೇ? ರೋಮಿನ ಕಂಚು ನಮ್ಮ ಹೊಸಪೇಟೆಯ ಸುತ್ತಿನ ಮಣ್ಣಿಗೆ ಎಂದಾದರೂ ಬಂದಿತ್ತೇ?

ರೋಮಿನ ಬೆಳ್ಳಿಯಂತೂ ಕನ್ನಡ ನಾಡಿಗೆ ಬಂದಿದೆ. 1891ರಲ್ಲಿ ಬೆಂಗಳೂರಿನ ಯಶವಂತಪುರದ ಬಳಿ ರೈಲು ಹಳಿಗಾಗಿ ಮಣ್ಣು ಅಗೆಯುವಾಗ 163 ಬೆಳ್ಳಿ ನಾಣ್ಯಗಳು ಸಿಕ್ಕವು. 1965ರಲ್ಲಿ ಎಚ್‌ಎಎಲ್ ವಿಮಾನ ನಿಲ್ದಾಣದ ನೆಲದಲ್ಲಿ ಮಡಕೆಯೊಂದರಲ್ಲಿ 256 ಸಿಕ್ಕವು. ಎಲ್ಲವೂ ದಿನಾರಿಯಸ್ ಎಂಬ ಬೆಳ್ಳಿ ನಾಣ್ಯಗಳು, ಅಗಸ್ಟಸ್, ಟೈಬೀರಿಯಸ್, ಕ್ಲಾಡಿಯಸ್ ಮುಂತಾದ ಮೊದಲ ಶತಮಾನದ ಚಕ್ರವರ್ತಿಗಳವು. ಹಾವೇರಿ ಜಿಲ್ಲೆಯ ಅಕ್ಕಿಆಲೂರಿನಲ್ಲಿ ಐದು-ಆರನೇ ಶತಮಾನದ ಬೈಜಾಂಟೈನ್ ಚಿನ್ನವೂ ದೊರೆತಿದೆ. ನಮಗೆ ಹತ್ತಿರದ್ದೆಂದರೆ ಚಿತ್ರದುರ್ಗದ ಚಂದ್ರವಳ್ಳಿ, ಹೊಸಪೇಟೆಯಿಂದ ಮೂರು ತಾಸಿನ ಬಸ್ಸಿನ ದಾರಿ. ಅಲ್ಲಿ 1929ರಲ್ಲಿ ಮೈಸೂರು ಸಂಸ್ಥಾನದ ಪುರಾತತ್ವ ಇಲಾಖೆಯ ಡಾ. ಎಂ.ಎಚ್. ಕೃಷ್ಣ ಅಗೆಸಿದರು, 1947ರಲ್ಲಿ ಮಾರ್ಟಿಮರ್ ವ್ಹೀಲರ್ ಅಗೆಸಿದರು. ಶಾತವಾಹನರ ಕಾಲದ ಸೀಸದ ನಾಣ್ಯಗಳ ನೆರೆಯಲ್ಲೇ ರೋಮಿನ ಬೆಳ್ಳಿ ಸಿಕ್ಕಿತು.

ಆ ಬೆಳ್ಳಿಯನ್ನು ತೂಗಿದರೆ ನಾಲ್ಕು ಗ್ರಾಮೂ ಇಲ್ಲ. ಅಕ್ಕಸಾಲಿಗನಿಗೆ ಕೊಟ್ಟರೆ ಒಂದು ಕಾಲುಂಗುರಕ್ಕೂ ಸಾಲದು. ಆದರೆ ಅದು ಯಾವ ಪದರದ ಮಣ್ಣಿನಲ್ಲಿ, ಯಾವ ಮಡಕೆ ಚೂರುಗಳ ಜೊತೆ ಸಿಕ್ಕಿತೆಂದು ಬರೆದಿಟ್ಟುಕೊಂಡಿದ್ದರಿಂದ ಅದು ಕ್ಯಾಲೆಂಡರಾಯಿತು. ತಮಿಳುನಾಡಿನ ಕಡೆಯ ಅರಿಕಮೇಡಿನ ಮಡಕೆಗಳು, ಚಂದ್ರವಳ್ಳಿಯ ಈ ನಾಣ್ಯ, ಇವೆರಡನ್ನು ಹಿಡಿದು ವ್ಹೀಲರ್ ಬ್ರಹ್ಮಗಿರಿಯ ಮಣ್ಣಿನ ಪದರಗಳಿಗೆ ಕಾಲ ಕಟ್ಟಿದರು. ನಮ್ಮ ಸೀಮೆಯ ಕಲ್ಲುಕೊಡಲಿಯ ಜನ, ದೊಡ್ಡ ಕಲ್ಲುಗಳ ಗೋರಿ ಕಟ್ಟಿದ ಜನ, ಅಶೋಕನ ಶಾಸನ ಕೇಳಿಸಿಕೊಂಡ ಜನ, ಇವರೆಲ್ಲ ಯಾವಾಗಿದ್ದರು ಎಂಬ ಲೆಕ್ಕ ಅಲ್ಲಿಂದ ಶುರುವಾಯಿತು. ಮುಂದೆ ಆ ಲೆಕ್ಕ ತಿದ್ದಿಕೊಂಡಿತು, ಅದು ಬೇರೆ ಮಾತು. ಅದೇ ನಾಣ್ಯವನ್ನು ಯಾರಾದರೂ ಪೊಟ್ಟಣ ಕಟ್ಟಿ ಬಜಾರಿನಲ್ಲಿ ಎರಡು ಸಾವಿರಕ್ಕೆ ಮಾರಿದ್ದರೆ?

ಇನ್ನು ಕಂಚಿನ ಪ್ರಶ್ನೆ. ಅಗಸ್ಟಸ್ ರೋಮಿನ ಹಣದ ವ್ಯವಸ್ಥೆಯನ್ನು ಸರಿಪಡಿಸಿದಾಗ ಒಂದು ಚಿನ್ನದ ಆರಿಯಸ್ಸಿಗೆ 25 ಬೆಳ್ಳಿ ದಿನಾರಿಯಸ್, ಒಂದು ದಿನಾರಿಯಸ್ಸಿಗೆ 4 ಸೆಸ್ಟರ್ಶಿಯಸ್ ಅಥವಾ 16 ಆಸ್ ಎಂದು ಗೊತ್ತಾಯಿತು. ಸೆಸ್ಟರ್ಶಿಯಸ್ ಹಿತ್ತಾಳೆಯದು, ಅಂಗೈ ತುಂಬುವಷ್ಟು ದಪ್ಪ. ಆಸ್ ತಾಮ್ರದ್ದು. ನಾಣ್ಯ ಸಂಗ್ರಹಿಸುವವರು ಇವನ್ನೆಲ್ಲ ಒಟ್ಟಿಗೆ 'ಕಂಚು' ಎಂದೇ ಕರೆಯುತ್ತಾರೆ. ಅವುಗಳ ಮೇಲೆ ಸಾಮಾನ್ಯವಾಗಿ ಎಸ್, ಸಿ ಎಂಬ ಎರಡು ಅಕ್ಷರ ಇರುತ್ತವೆ. ಸೆನೆಟ್ ಸಭೆಯ ಅಪ್ಪಣೆಯಿಂದ ಎಂದು ಅರ್ಥ. ರೊಟ್ಟಿ, ದ್ರಾಕ್ಷಾರಸ, ಸ್ನಾನಗೃಹದ ಪ್ರವೇಶ, ಇವೆಲ್ಲ ನಡೆದದ್ದು ಈ ಚಿಲ್ಲರೆಯಿಂದ.

ತಮಾಷೆಯೆಂದರೆ ರೋಮಿನ ಸಿರಿವಂತರು ದೊಡ್ಡ ಮೊತ್ತಗಳನ್ನೂ ಈ ಹಿತ್ತಾಳೆಯ ಲೆಕ್ಕದಲ್ಲೇ ಹೇಳುತ್ತಿದ್ದರು. ಕ್ರಿ.ಶ. 79ರಲ್ಲಿ ವೆಸೂವಿಯಸ್ ಜ್ವಾಲಾಮುಖಿಯ ಅನಾಹುತದಲ್ಲಿ ಸತ್ತ ಪ್ಲಿನಿ, ಭಾರತವೊಂದೇ ವರ್ಷಕ್ಕೆ ಕಡಿಮೆಯೆಂದರೂ 5 ಕೋಟಿ ಸೆಸ್ಟರ್ಶಿಯಸ್ ಹೀರಿಕೊಳ್ಳುತ್ತದೆ ಎಂದು ಗೊಣಗಿದ್ದಾನೆ. ಮೆಣಸು, ಮುತ್ತು, ಮಸ್ಲಿನ್ ಬಟ್ಟೆಗೆ ಹೋದ ದುಡ್ಡು ಅದು. ಆದರೆ ಹಡಗಿನಲ್ಲಿ ಬಂದದ್ದು ಸೆಸ್ಟರ್ಶಿಯಸ್ ಅಲ್ಲ, ಚಿನ್ನ ಮತ್ತು ಬೆಳ್ಳಿ. ನಮ್ಮ ವ್ಯಾಪಾರಿಗಳಿಗೆ ಚಕ್ರವರ್ತಿಯ ಮುಖ ಬೇಕಿರಲಿಲ್ಲ, ಲೋಹ ಬೇಕಿತ್ತು. ಕ್ರಿ.ಶ. 64ರಲ್ಲಿ ನೀರೋ ಬೆಳ್ಳಿಯಲ್ಲಿ ಬೆರಕೆ ಹೆಚ್ಚಿಸಿದ ಮೇಲೆ ಅವನ ದಿನಾರಿಯಸ್ ಇಲ್ಲಿ ಅಪರೂಪವಾಗಿ, ಹಳೆಯ ಅಗಸ್ಟಸ್, ಟೈಬೀರಿಯಸ್ ಬೆಳ್ಳಿಗೇ ಮರ್ಯಾದೆ ಉಳಿಯಿತು. ಅಂಥ ಜಾಣರು ಹಿತ್ತಾಳೆಯ ಬಿಲ್ಲೆಯನ್ನು ಬೆಳ್ಳಿಯ ಕಾಲುಭಾಗವೆಂದು ತೆಗೆದುಕೊಂಡಾರೆಯೇ? ಅದರ ಬೆಲೆ ರೋಮಿನ ಸರ್ಕಾರದ ಮಾತು ನಡೆಯುವಲ್ಲಿ ಮಾತ್ರ.

ಅಲ್ಲದೆ ಇಲ್ಲಿ ಚಿಲ್ಲರೆಗೆ ಬರವಿರಲಿಲ್ಲ. ಬಳ್ಳಾರಿ ಸೀಮೆ ಶಾತವಾಹನರಿಗೆ ಎಷ್ಟು ಸೇರಿತ್ತೆಂದರೆ ಆದವಾನಿ ಬಳಿಯ ಮ್ಯಾಕದೋಣಿಯ ಶಾಸನ ಈ ನಾಡನ್ನು ಅವರ ಹೆಸರಿನಿಂದಲೇ ಕರೆಯುತ್ತದೆ. ಹಿರೇಹಡಗಲಿಯಲ್ಲಿ ಸಿಕ್ಕ ಪಲ್ಲವ ಶಿವಸ್ಕಂದವರ್ಮನ ತಾಮ್ರಪಟದಲ್ಲಿಯೂ ಅದೇ ಹೆಸರು 'ಸಾತಾಹನಿರಟ್ಠ' ಎಂದಿದೆ. ಸೀಸದ, ತಾಮ್ರದ ಸಣ್ಣ ನಾಣ್ಯಗಳು ಊರೂರಲ್ಲಿ ಓಡಾಡುತ್ತಿದ್ದವು. ಸಮುದ್ರ ದಾಟಿ ಚಿಲ್ಲರೆ ತರಿಸುವ ಅಗತ್ಯ ಯಾರಿಗಿತ್ತು?

ಒಂದು ಕಡೆ ನಮ್ಮ ಈ ವಾದ ಕುಂಟುತ್ತದೆ. ನಾಲ್ಕನೇ ಶತಮಾನ ಮುಗಿಯುವ ಹೊತ್ತಿನ, ಕಡಲೆಬೇಳೆಗಿಂತ ತುಸು ದೊಡ್ಡದಾದ ರೋಮನ್ ತಾಮ್ರದ ನಾಣ್ಯಗಳು ಶ್ರೀಲಂಕಾದಲ್ಲಿ ಸಾವಿರಗಟ್ಟಲೆ ಸಿಕ್ಕಿವೆ. ತಮಿಳುನಾಡಿನ ಮದುರೆ, ಕರೂರುಗಳಲ್ಲೂ ಸಿಕ್ಕಿವೆ. ಕರೂರಿನಲ್ಲಿ ಅಮರಾವತಿ ಹೊಳೆಯ ಮರಳು ಜರಡಿ ಹಿಡಿದು ಹುಡುಕುವವರಿದ್ದರು. ದಿನಮಲರ್ ಪತ್ರಿಕೆಯ ಸಂಪಾದಕರಾಗಿದ್ದ ಆರ್. ಕೃಷ್ಣಮೂರ್ತಿ ಅಂಥವನ್ನು ಕೂಡಿಸಿ, ಓದಿ, ಪುಸ್ತಕ ಬರೆದರು. ಪತ್ರಿಕೆ ನಡೆಸುತ್ತ ಇದಕ್ಕೆ ಹೊತ್ತು ಎಲ್ಲಿಂದ ತಂದರೋ! ಸಂಗ್ರಹವೆಂಬುದು ಹೀಗೆ ಬರವಣಿಗೆಯಾದರೆ ಅದು ಊರಿನ ಆಸ್ತಿ. ಲಂಕಾದಲ್ಲಂತೂ ಈ ನಾಣ್ಯ ಸಾಲದೆ ಬಂದು ಅಲ್ಲಿಯವರೇ ಅದರಂತೆ ಮಾಡಿಕೊಂಡರು. ಆದರೆ ತುಂಗಭದ್ರೆಯ ದಂಡೆಗೆ ಆ ಹೊಳೆ ಹರಿದ ಗುರುತಿಲ್ಲ. ಯುರೋಪಿನಲ್ಲಿ ಈ ಬಗೆಯ ನಾಣ್ಯಗಳು ನೆಲದಿಂದ ಲೆಕ್ಕವಿಲ್ಲದಷ್ಟು ಬಂದಿವೆ, ಮಣ್ಣು ತೊಳೆಯದೆ ಸಗಟಿನಲ್ಲಿ ಮಾರುತ್ತಾರೆ. ಅಂಥದೊಂದು ಅಸಲಿ ನಾಣ್ಯ ಅಂಚೆಯಲ್ಲಿ ಬಂದು, 'ಸಂಡೂರು ಗುಡ್ಡದ್ದು' ಎಂದು ಮಾರಾಟವಾದರೆ ಅದು ನಕಲಿಗಿಂತ ಕೆಟ್ಟದ್ದು. ನಕಲಿಯನ್ನು ಗುರುತಿಸಬಹುದು, ಅಸಲಿ ನಾಣ್ಯದ ಸುಳ್ಳು ಊರನ್ನು ಹೇಗೆ ಗುರುತಿಸುವುದು?

ಸಂಡೂರಿನ ನಿಜವಾದ ನಾಣ್ಯ ಸಂಗ್ರಹ ನೋಡಬೇಕೆಂದರೆ ಲಂಬಾಣಿ ತಾಂಡಾಗಳಿಗೆ ಹೋಗಬೇಕು. ಅಜ್ಜಿಯರ ಕಂಚುಕಿ, ಲಂಗ, ತಲೆಯ ಮೇಲಿನ ಬಟ್ಟೆಗಳಲ್ಲಿ ಕನ್ನಡಿ, ಕವಡೆಗಳ ಜೊತೆ ಹಳೆಯ ಕಾಸುಗಳನ್ನು ಹೊಲಿದಿರುತ್ತಾರೆ. ಜಾರ್ಜ್ ದೊರೆಗಳ ಬಿಲ್ಲೆಗಳೂ ಅದರಲ್ಲಿರುತ್ತವೆ. ಇದು ಹೊಸ ಚಾಳಿಯಲ್ಲ. ತೆಲಂಗಾಣದ ಕೊಂಡಾಪುರದಲ್ಲಿ ಶಾತವಾಹನ ಕಾಲದ ಮಣ್ಣಿನ ಬಿಲ್ಲೆಗಳು ಸಿಕ್ಕಿವೆ, ರೋಮನ್ ನಾಣ್ಯದ ಮೇಲೊತ್ತಿ ಮಾಡಿದವು. ದಾರ ಪೋಣಿಸಲು ಕಿವಿ ಇರುವಂಥವು. ಬೆಳ್ಳಿ ಕೊಳ್ಳಲಾಗದವರು ಚಕ್ರವರ್ತಿಯನ್ನು ಮಣ್ಣಿನಲ್ಲಿ ಮಾಡಿ ಕೊರಳಿಗೆ ಕಟ್ಟಿಕೊಂಡರು. ನಮ್ಮ ಕಡೆಯ ಪುತಳಿ ಸರದ ಮೂಲವೂ ಇಟಲಿಯೇ. ವೆನಿಸ್ ನಗರದ ಚಿನ್ನದ ನಾಣ್ಯದ ಮೇಲಿನ ಬೊಂಬೆಯೇ ಆ ಪುತಳಿ.

ಕಂಚು ಬರಲಿಲ್ಲ ಎಂದೆವಲ್ಲ, ಅದರ ಹೆಸರು ಬಂದಿದೆ. ಅದು ಬಂದ ದಾರಿ ಮಾತ್ರ ಉದ್ದ. ಕ್ರಿ.ಶ. 498ರಲ್ಲಿ ಕಾನ್‌ಸ್ಟಾಂಟಿನೋಪಲ್‌ನ ಚಕ್ರವರ್ತಿ ಅನಸ್ತೇಸಿಯಸ್ ಸಣ್ಣ ಚಿಲ್ಲರೆಯ ಗೋಳು ತಪ್ಪಿಸಲು ದೊಡ್ಡ ತಾಮ್ರದ ನಾಣ್ಯ ಹೊರಡಿಸಿದ. ಅದರ ಮೇಲೆ ಎದ್ದು ಕಾಣುವ ಒಂದು ಎಂ ಅಕ್ಷರ, ಗ್ರೀಕ್ ಲೆಕ್ಕದಲ್ಲಿ 40. ಅದರ ಹೆಸರು ಫೋಲಿಸ್. ಸಿರಿಯಾ, ಈಜಿಪ್ಟುಗಳ ಸಂತೆಗಳಲ್ಲಿ ಅದೇ ನಡೆಯುತ್ತಿತ್ತು. ಅರಬರ ಬಾಯಲ್ಲಿ ಅದು 'ಫಲ್ಸ್' ಆಯಿತು, ಬಹುವಚನದಲ್ಲಿ 'ಫುಲೂಸ್'. ದಿನಾರಿಯಸ್ 'ದೀನಾರ್' ಆಯಿತು, ಗ್ರೀಕರ ದ್ರಾಖ್ಮ 'ದಿರ್ಹಮ್' ಆಯಿತು. ಕುರ್‌ಆನಿನ ಆಲಿ ಇಮ್ರಾನ್ ಅಧ್ಯಾಯದಲ್ಲಿ ದೀನಾರ್ ಇದೆ. ಯೂಸುಫರನ್ನು ಮಾರಿದ್ದು ಕೆಲವೇ ದಿರ್ಹಮುಗಳಿಗೆ. ಮುಸ್ಲಿಮರು ಆ ನಾಡುಗಳನ್ನು ಗೆದ್ದ ಮೇಲೂ ಬಹುಕಾಲ ರೋಮಿನ ನಾಣ್ಯವನ್ನೇ ಬಳಸಿದರು, ಶಿಲುಬೆಯ ಅಡ್ಡಗೆರೆಯನ್ನಷ್ಟೇ ತೆಗೆದರು. ಬರೀ ಅಕ್ಷರದ ದೀನಾರ್ ಬಂದದ್ದು ಖಲೀಫಾ ಅಬ್ದುಲ್ ಮಲಿಕ್ ಕಾಲದಲ್ಲಿ, ಹಿಜರಿ 77ರಲ್ಲಿ. ರಾಜ್ಯ ಹೋದರೂ ಚಿಲ್ಲರೆ ಅಷ್ಟು ಬೇಗ ಹೋಗುವುದಿಲ್ಲ.

ಚಿನ್ನವಿಲ್ಲದೆ, ಬೆಳ್ಳಿಯಿಲ್ಲದೆ ಕೈಯಲ್ಲಿ ಬರೀ ಫುಲೂಸ್ ಉಳಿದವನೇ 'ಮುಫ್ಲಿಸ್'. ಮುಫ್ಲಿಸ್ ಎಂದರೆ ಯಾರು ಎಂದು ಪ್ರವಾದಿಯವರು ಕೇಳಿದಾಗ ಸಹಾಬಿಗಳು ದಿರ್ಹಮ್ ಇಲ್ಲದವನು ಎಂದು ಉತ್ತರ ಕೊಟ್ಟ ಹದೀಸ್ ಓದುಗರಿಗೆ ನೆನಪಿರಬಹುದು. ಹೊಸಪೇಟೆಯಲ್ಲಿ ನಮ್ಮ ದಾದಿಗೆ ರೋಮ್ ಎಲ್ಲಿದೆಯೆಂದು ಗೊತ್ತಿರಲಿಲ್ಲ. ಆದರೆ ತಿಂಗಳ ಕೊನೆಗೆ ನೆಂಟರು ಬಂದಿಳಿದರೆ ಒಳಗೆ ಬಂದು "ಮುಫ್ಲಿಸಿ ಮೇ ಆಟಾ ಗೀಲಾ" ಎನ್ನುತ್ತಿದ್ದಳು. ಬಡತನದಲ್ಲೇ ಹಿಟ್ಟಿಗೆ ನೀರು ಹೆಚ್ಚಾಗುವುದು. ಹೀಗೆ ಅನಸ್ತೇಸಿಯಸ್‌ನ ತಾಮ್ರ ನಮ್ಮ ಅಡಿಗೆಮನೆಯಲ್ಲಿ ನಡೆದಾಡುತ್ತಿತ್ತು.

ಆ ಬಗೆಯ ತಾಮ್ರ ಹಂಪಿಯಲ್ಲಿಯೂ ಇತ್ತು, ಹೆಸರು ಮಾತ್ರ ಬೇರೆ. 1443ರಲ್ಲಿ ಹೆರಾತಿನ ಶಾರುಖನ ರಾಯಭಾರಿಯಾಗಿ ಇಮ್ಮಡಿ ದೇವರಾಯನ ಆಸ್ಥಾನಕ್ಕೆ ಬಂದ ಅಬ್ದುರ್ರಜ್ಜಾಕ್ ಇಲ್ಲಿಯ ಹಣದ ಲೆಕ್ಕ ಕೊಟ್ಟಿದ್ದಾನೆ. ಚಿನ್ನದ ವರಹ, ಅದರ ಅರ್ಧ ಪ್ರತಾಪ, ಪ್ರತಾಪದ ಹತ್ತನೆಯ ಒಂದು ಪಾಲು ಪಣ, ಪಣದ ಆರನೆಯ ಒಂದು ಪಾಲು ಬೆಳ್ಳಿಯ ತಾರ, ತಾರದ ಮೂರನೆಯ ಒಂದು ಪಾಲು ತಾಮ್ರದ ಜಿತಲ್. ಗುಣಿಸಿದರೆ ಒಂದು ವರಹಕ್ಕೆ 360 ಜಿತಲ್. ಸೈನಿಕರಿಗೆ ನಾಲ್ಕು ತಿಂಗಳಿಗೊಮ್ಮೆ ಟಂಕಸಾಲೆಯಿಂದಲೇ ಸಂಬಳ ಎಂದೂ ಬರೆದಿದ್ದಾನೆ. ಅವನು ಬರುವ ನಾಲ್ಕು ವರ್ಷ ಮೊದಲು, 1439ರಲ್ಲಿ, ಅದೇ ದೇವರಾಯನ ಸೇವೆಯಲ್ಲಿದ್ದ ಅಹ್ಮದ್ ಖಾನ್ ಹಂಪಿಯಲ್ಲಿ ಮಸೀದಿ ಕಟ್ಟಿಸಿದ. ಅದರ ಶಾಸನ ಕನ್ನಡದಲ್ಲಿದೆ, ಕಟ್ಟಡವನ್ನು ಧರ್ಮಸಾಲೆ ಎಂದು ಕರೆದಿದೆ. ದೇವರಾಯನ ತಾಮ್ರದ ಕಾಸಿನ ಮೇಲೆ ಆನೆ. ಆ ಆನೆಯ ಕಾಸುಗಳು ಅಹ್ಮದ್ ಖಾನನ ಚೀಲದಲ್ಲಿಯೂ ಇದ್ದಿರಬೇಕು. ಕಮಲಾಪುರದ ವಸ್ತುಸಂಗ್ರಹಾಲಯದಲ್ಲಿ ವಿಜಯನಗರದ ನಾಣ್ಯಗಳನ್ನು ಇಟ್ಟಿದ್ದಾರೆ. ಬಂದವರು ಚಿನ್ನದ ಮುಂದೆ ನಿಲ್ಲುತ್ತಾರೆ, ತಾಮ್ರದ ಮುಂದೆ ನಿಲ್ಲುವವರು ಕಡಿಮೆ.

ಕಂಪ್ಲಿಯ ಹೆಸರು ಬಂತು. ನಾಣ್ಯದ ಚರಿತ್ರೆಯಲ್ಲಿ ಕಂಪ್ಲಿಗೂ ಒಂದು ಓರೆಯ ನಂಟಿದೆ. ಮುಹಮ್ಮದ್ ಬಿನ್ ತುಘಲಕ್‌ನ ಹತ್ತಿರದ ಸಂಬಂಧಿ ಬಹಾವುದ್ದೀನ್ ಗುರ್ಶಾಸ್ಪ್ ದಂಗೆಯೆದ್ದು, ಸೋತು, ಕಂಪಿಲರಾಯನ ಮೊರೆಹೊಕ್ಕ. ದಿಲ್ಲಿಯ ಸೈನ್ಯ ಬೆನ್ನಟ್ಟಿ ಬಂತು. ನಂಬಿ ಬಂದವನನ್ನು ಒಪ್ಪಿಸಲು ರಾಯ ಒಪ್ಪಲಿಲ್ಲ. ಅವನನ್ನು ಬೇರೊಬ್ಬ ರಾಜನ ಕಡೆಗೆ ಸಾಗಹಾಕಿ, ತಾನು ಹೋರಾಡಿ ಸತ್ತ. 1327ರ ಈ ಘಟನೆಯನ್ನು ವಿವರವಾಗಿ ಬರೆದವನು ಇಬ್ನ್ ಬತೂತ, ಅದೇ ತುಘಲಕನ ಉಪ್ಪು ತಿಂದವನು. ಅವನ ಬರಹದಲ್ಲಿ ರಾಯನ ಬಗ್ಗೆ ಗೌರವವಿದೆ. ಕುಮಾರರಾಮನ ಕಥೆ ಹೇಳುವ ನಮ್ಮ ಕಡೆಯವರು ಈ ಮುಸ್ಲಿಂ ಅತಿಥಿಯನ್ನು ಇನ್ನಷ್ಟು ನೆನೆಯಬೇಕಿತ್ತು.

ಎರಡು-ಮೂರು ವರ್ಷ ಕಳೆಯುವಷ್ಟರಲ್ಲಿ ಅದೇ ಸುಲ್ತಾನ ಹಿತ್ತಾಳೆ, ತಾಮ್ರದ ಟಂಕ ಹೊರಡಿಸಿ ಬೆಳ್ಳಿಯ ಬೆಲೆಗೆ ನಡೆಯಲಿ ಎಂದ. ಸುಲ್ತಾನನಿಗೆ ವಿಧೇಯನಾದವನು ರಹಮಾನನಿಗೆ ವಿಧೇಯ ಎಂಬ ಅರ್ಥದ ಮಾತನ್ನು ಅದರ ಮೇಲೆ ಕೊರೆಸಿದ. ಅಗಸ್ಟಸನ ಹಿತ್ತಾಳೆಯೂ ನಂಬಿಕೆಯ ದುಡ್ಡೇ ಆಗಿತ್ತು, ಆದರೆ ಅದರ ಲೋಹಕ್ಕೂ ಸ್ವಲ್ಪ ಬೆಲೆಯಿತ್ತು, ಕೆಳಮಟ್ಟದ ಲೇವಾದೇವಿಗಷ್ಟೇ ಅದನ್ನು ಬಿಟ್ಟಿದ್ದರು. ತುಘಲಕನ ಬಿಲ್ಲೆಯನ್ನು ನಕಲು ಮಾಡಿದರೆ ಒಂದೇ ಏಟಿಗೆ ಬೆಳ್ಳಿಯ ಲಾಭ. ಮನೆಮನೆಯೂ ಟಂಕಸಾಲೆಯಾಯಿತು ಎಂದು ಬರನಿ ಬರೆಯುತ್ತಾನೆ. ಕೊನೆಗೆ ಸುಲ್ತಾನ ಹಿತ್ತಾಳೆ ವಾಪಸು ತೆಗೆದುಕೊಂಡು ಖಜಾನೆಯಿಂದ ಬೆಳ್ಳಿ ಕೊಟ್ಟ. ತುಘಲಕಾಬಾದಿನಲ್ಲಿ ಹಿತ್ತಾಳೆಯ ರಾಶಿ ಬಿದ್ದಿತ್ತಂತೆ. ಮರುಳ ಎಂದು ಅವನನ್ನು ನಗುವುದು ಸುಲಭ. ಕೊಟ್ಟ ಮಾತಿಗೆ ಬೆಳ್ಳಿ ತೆತ್ತದ್ದನ್ನು ಮಾತ್ರ ಪಠ್ಯಪುಸ್ತಕಗಳು ಒಂದು ಸಾಲಿನಲ್ಲಿ ಮುಗಿಸುತ್ತವೆ.

ಈಗ ನಮ್ಮದೇ ಸಂಗ್ರಹದ ಮಾತು. ಆರನೇ ಈಯತ್ತೆಯ ಬೇಸಿಗೆ ರಜೆಗೆ ಕಂಪ್ಲಿಗೆ ಹೋಗಿದ್ದೆವು. ಮಾಮು ಗುತ್ತಿಗೆಗೆ ಹಿಡಿದಿದ್ದ ಬಾಳೆ ತೋಟದ ಕಾಲುವೆಯಲ್ಲಿ ಹೂಳು ತೆಗೆಯುತ್ತಿದ್ದರು. ಹೂಳಿನ ಗುಡ್ಡೆಯಲ್ಲಿ ನಮಗೆ ಎರಡು ತಾಮ್ರದ ಕಾಸು ಸಿಕ್ಕವು. ಕಪ್ಪು-ಹಸಿರು ಬಣ್ಣ. ಉರ್ದು ಶಾಲೆಯ ನಾವು ಬಿಸಿಲಿಗೆ ಹಿಡಿದು ನೋಡಿ "ಇದರ ಮೇಲೆ ಉರ್ದು ಅಕ್ಷರ ಇದೆ" ಎಂದೆವು. ಸಲಿಕೆ ಹಿಡಿದಿದ್ದ ಮುದುಕ ತನ್ನ ಅಂಗೈಗೆ ಹಾಕಿಕೊಂಡು, "ಉರ್ದು ಅಲ್ಲಪ್ಪಾ ಸಾಬ, ಆನಿ ಐತಿ ನೋಡು. ರಾಯರ ಕಾಲದ್ದು" ಎಂದ. ಜಗಳ ಹತ್ತಿತು. ತೊಳೆದು ನೋಡೋಣ ಎಂದಾಯಿತು. ಮನೆಯಲ್ಲಿ ತಾಮ್ರದ ಹಂಡೆ ತಿಕ್ಕಲು ಇಟ್ಟಿದ್ದ ಹುಣಸೆಹಣ್ಣು, ಉಪ್ಪು ತೆಗೆದುಕೊಂಡು ಒಂದು ಕಾಸನ್ನು ರಾತ್ರಿಯೆಲ್ಲ ನೆನೆಹಾಕಿ, ಬೆಳಿಗ್ಗೆ ತೆಂಗಿನ ನಾರಿನಿಂದ ಉಜ್ಜಿದೆವು. ಹೊಸ ಪೈಸೆಯಂತೆ ಫಳಫಳ ಹೊಳೆಯಿತು. ಮೇಲೆ ಉರ್ದುವೂ ಇರಲಿಲ್ಲ, ಆನೆಯೂ ಇರಲಿಲ್ಲ.

ತಾಮ್ರ ನೂರಾರು ವರ್ಷ ಮಣ್ಣಿನಲ್ಲಿದ್ದಾಗ ಅದರ ಮೈಯೇ ಹಸಿರು ಪದರವಾಗಿ ಮಾರ್ಪಡುತ್ತದೆ. ಬರಹ ಉಳಿದಿರುವುದು ಆ ಪದರದಲ್ಲೇ. ಹುಳಿ ತಗುಲಿದರೆ ಪದರದ ಜೊತೆ ಬರಹವೂ ಕರಗುತ್ತದೆ. ರೋಮನ್ ಕಂಚು ಕೂಡಿಸುವವರಿಗೆ ಇದು ಮೊದಲ ಪಾಠ. ನೀರಿನಲ್ಲಿ ನೆನೆಸಿ ಮಣ್ಣು ಬಿಡಿಸಬೇಕು, ಅಷ್ಟೇ. ಎರಡನೆಯ ಕಾಸನ್ನು ಗುಜರಿ ಅಂಗಡಿಗೆ ಹಾಕಿ ಐಸ್‌ಕ್ಯಾಂಡಿ ತಿಂದೆವು. ಅಲ್ಲಿಂದ ಅದು ಬೇರೆ ಹಿತ್ತಾಳೆ, ತಾಮ್ರದ ಜೊತೆ ಕುಲುಮೆಗೆ ಹೋಗಿರುತ್ತದೆ.

ದೊಡ್ಡವರಾದ ಮೇಲೆ ಕಾನೂನು ಓದಿದೆವು. 1878ರ ನಿಧಿ ಕಾಯ್ದೆಯ ಪ್ರಕಾರ ನೆಲದಲ್ಲಿ ಹತ್ತು ರೂಪಾಯಿಗೆ ಮೀರಿದ ನಿಧಿ ಸಿಕ್ಕರೆ ಕಲೆಕ್ಟರರಿಗೆ ತಿಳಿಸಬೇಕಿತ್ತು. ಕರ್ನಾಟಕಕ್ಕೆ 1962ರಲ್ಲಿ ತನ್ನದೇ ಕಾಯ್ದೆ ಬಂತು. 1972ರ ಪ್ರಾಚ್ಯವಸ್ತು ಕಾಯ್ದೆಯಲ್ಲಿ ನೂರು ವರ್ಷ ದಾಟಿದ ನಾಣ್ಯ ಪ್ರಾಚ್ಯವಸ್ತು, ಅದನ್ನು ದೇಶದಾಚೆ ಒಯ್ಯುವಂತಿಲ್ಲ. ಕಾಯ್ದೆ ಸರಿಯಾಗಿಯೇ ಇದೆ. ಆದರೆ ಸಲಿಕೆ ಹಿಡಿದವನಿಗೆ ಗೊತ್ತಿರುವುದು ಕಾಯ್ದೆಯಲ್ಲ, ಭಯ. ಹೇಳಿದರೆ ಪೊಲೀಸರು ಬರುತ್ತಾರೆ, ಹೊಲ ಅಗೆಯುತ್ತಾರೆ, ಇನ್ನೂ ಎಷ್ಟು ಮುಚ್ಚಿಟ್ಟಿದ್ದೀಯ ಎನ್ನುತ್ತಾರೆ. ಆದ್ದರಿಂದ ಚಿನ್ನ ಅಕ್ಕಸಾಲಿಗನ ಮೂಸೆಗೆ, ತಾಮ್ರ ಗುಜರಿಗೆ. ಕಬ್ಬಿಣದ ಅದಿರಿನ ಅಬ್ಬರದ ವರ್ಷಗಳಲ್ಲಿ ಸಂಡೂರಿನ ಗುಡ್ಡಗಳನ್ನು ಯಂತ್ರಗಳು ತಿರುವಿ ಹಾಕಿದವು. 2011ರಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸುವ ಹೊತ್ತಿಗೆ ಎಷ್ಟು ಮಣ್ಣು ಲಾರಿ ಹತ್ತಿತ್ತೋ. ಅದರಲ್ಲಿ ಕಾಸುಗಳಿದ್ದರೆ ಅವನ್ನು ಬಾಗಿ ನೋಡುವ ಮುದುಕ ಯಂತ್ರದ ಮೇಲಿರಲಿಲ್ಲ.

ಹುಣಸೆಹಣ್ಣಿನಲ್ಲಿ ತೊಳೆದ ಕಾಸು ನಮ್ಮಲ್ಲಿ ಉಳಿಯಿತು. ಹೊಲಿಗೆ ದಾರದ ಡಬ್ಬಿಯಲ್ಲಿ ಬಿದ್ದು ಮತ್ತೆ ಕಪ್ಪಾಗಿತ್ತು. ಕೆಲವು ವರ್ಷಗಳ ಹಿಂದೆ ನಾಣ್ಯ ಬಲ್ಲವರೊಬ್ಬರಿಗೆ ತೋರಿಸಿದೆವು. ಅವರು ಮೊದಲು ಕೇಳಿದ್ದು, "ಎಲ್ಲಿ ಸಿಕ್ಕಿದ್ದು?" ಕಂಪ್ಲಿ, ಬಾಳೆ ತೋಟ, ಕಾಲುವೆಯ ಹೂಳು ಎಂದು ಹೇಳಲು ನಮಗೆ ಸಾಧ್ಯವಾಯಿತು. "ಇದನ್ನು ತೊಳೆದವರು ಯಾರು?" ಎನ್ನುವುದು ಎರಡನೆಯ ಪ್ರಶ್ನೆ. ಅವರು ಅದನ್ನು ಸಣ್ಣ ತಕ್ಕಡಿಯಲ್ಲಿ ತೂಗಿದರು, ಮೂರು ಗ್ರಾಮಿಗೆ ಸ್ವಲ್ಪ ಮೇಲೆ. ವಿಜಯನಗರದ ಆನೆಯ ಕಾಸೂ ಆ ತೂಕಕ್ಕೆ ಬರುತ್ತದೆ, ಬಹಮನಿಗಳ ಫುಲೂಸಿನಲ್ಲೂ ಆ ತೂಕದ್ದಿದೆ ಎಂದರು. ಆಮೇಲೆ ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ಬಹಳ ಹೊತ್ತು ತಿರುಗಿಸಿದರು. ಅಂಚಿನ ಹತ್ತಿರ ಕೂದಲೆಳೆಯಂಥ ಒಂದು ಬಾಗು ಉಳಿದಿತ್ತು.

"ಇದು ಆನೆಯ ಸೊಂಡಿಲಿರಬಹುದು," ಎಂದರು. ಮತ್ತೆ ತಿರುಗಿಸಿ, "ನಿಮ್ಮ ನೂನ್ ಅಕ್ಷರದ ಹೊಟ್ಟೆಯೂ ಇರಬಹುದು," ಎಂದು ನಮ್ಮ ಕೈಗಿಟ್ಟರು.